ಕೇಬಲ್ ಕಾರ್‌ನಲ್ಲಿ ಬೆಟ್ಟದ ತುದಿಗೆ: ಅರ್ಧ ದಿನದ ಟೂರ್ ಕೆಡದ ಹಾಗೆ ಹೋಗಿಬರುವುದು ಹೇಗೆ?

ಕೇಬಲ್ ಕಾರ್ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ, ಭಯ ಆಗುತ್ತಾ ಅಂತ. ಹತ್ತಿ ಎರಡು ನಿಮಿಷ ಕಳೆದರೆ ಆ ಭಯ ಬಹುತೇಕರಿಗೆ ಹೋಗಿಬಿಡುತ್ತದೆ, ಅದಕ್ಕೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಕೇಳಬೇಕಾದ ಪ್ರಶ್ನೆ ಬೇರೆ ಎರಡಿವೆ. ಮೇಲೆ ಗಾಳಿ ಹೇಗಿದೆ? ಇಳಿಯುವಾಗ ಕ್ಯೂ ಎಷ್ಟಿರುತ್ತದೆ? ಅರ್ಧ ದಿನದ ಟೂರ್ ಚೆನ್ನಾಗಿ ಆಗುವುದೂ ಕೆಡುವುದೂ ಇವೆರಡರಿಂದಲೇ.

ಯಾಕೆ ಅಂದರೆ ಕ್ಯಾಬಿನ್ ಒಳಗೆ ನೀವು ಇರುವುದೇ ತುಂಬಾ ಕಡಿಮೆ ಹೊತ್ತು. ಕೇಪ್‌ಟೌನ್‌ನ ಟೇಬಲ್ ಮೌಂಟೇನ್‌ನಲ್ಲಿ ಮೇಲೆ ತಲುಪಲು ಸುಮಾರು ಐದು ನಿಮಿಷ. ಹಾಂಗ್‌ಕಾಂಗ್‌ನ ನೊಂಗ್ ಪಿಂಗ್ ಉದ್ದದ ಕೇಬಲ್ ಲೈನು, 5.7 ಕಿಲೋಮೀಟರ್, ಅದಕ್ಕೂ ಸುಮಾರು 25 ನಿಮಿಷ ಸಾಕು. ಐದು ಗಂಟೆಯ ಟೂರ್‌ನಲ್ಲಿ ಉಳಿದ ಹೊತ್ತೆಲ್ಲ ಎಲ್ಲಿ ಹೋಗುತ್ತದೆ ಹೇಳಿ? ಬಸ್ಸು, ಕ್ಯೂ, ಮೇಲಿನ ಸುತ್ತಾಟ, ಮತ್ತೆ ಕ್ಯೂ. ಹಾಗಾಗಿ ತಯಾರಿ ಮಾಡಿಕೊಳ್ಳಬೇಕಾದ್ದು ಈ ಉಳಿದ ಹೊತ್ತಿಗೆ.

ಮೊದಲು, ಅದು ಯಾವ ಥರದ್ದು ಅಂತ ತಿಳಿದುಕೊಳ್ಳಿ

ಹೊರಗಿನಿಂದ ನೋಡಿದರೆ ಎಲ್ಲ ಕೇಬಲ್ ಕಾರ್‌ಗಳೂ ಒಂದೇ ಅನಿಸುತ್ತವೆ. ಆದರೆ ಮುಖ್ಯವಾಗಿ ಎರಡು ಥರ, ಮತ್ತು ನಿಮ್ಮ ಕಾಯುವ ಹೊತ್ತು ಇದರ ಮೇಲೇ ನಿಂತಿದೆ.

ಒಂದು, ಎರಡು ದೊಡ್ಡ ಕ್ಯಾಬಿನ್‌ಗಳದ್ದು. ಬಾವಿಯ ರಾಟೆಗೆ ಎರಡು ಕೊಡ ಕಟ್ಟಿದ ಹಾಗೆ, ಒಂದು ಮೇಲೆ ಹೋದರೆ ಇನ್ನೊಂದು ಕೆಳಗೆ ಬರುತ್ತದೆ, ನಡುದಾರಿಯಲ್ಲಿ ಎರಡೂ ಎದುರಾಗುತ್ತವೆ. ಇಳಿಯುವ ಕ್ಯಾಬಿನ್ನಿನ ಭಾರವೇ ಏರುವುದನ್ನು ಎಳೆಯಲು ನೆರವಾಗುವುದರಿಂದ ಮೋಟರ್‌ಗೆ ಹೊರೆ ಕಡಿಮೆ. ಟೇಬಲ್ ಮೌಂಟೇನ್‌ನದ್ದು ಇದೇ ಥರ, ಒಂದು ಕ್ಯಾಬಿನ್‌ಗೆ 65 ಜನ. ನಿಮ್ಮ ಮುಂದೆ 260 ಜನ ನಿಂತಿದ್ದರೆ ನಾಲ್ಕು ಕ್ಯಾಬಿನ್ ಹೋದ ಮೇಲೆ ನಿಮ್ಮ ಸರದಿ. ಹತ್ತು ನಿಮಿಷಕ್ಕೊಂದು ಹೊರಡುತ್ತದೆ ಅಂದುಕೊಂಡರೂ ನಲವತ್ತು ನಿಮಿಷ ಕಾಯಬೇಕು. ಕ್ಯೂ ನಿಂತಲ್ಲೇ ನಿಂತಿರುತ್ತದೆ, ಆಮೇಲೆ ಒಮ್ಮೆಲೇ ಮುಂದೆ ಸರಿಯುತ್ತದೆ. ನೋಡಿ ಗಾಬರಿಯಾಗಬೇಡಿ.

ಇನ್ನೊಂದು ಗೊಂಡೋಲಾ. ಆರೋ ಎಂಟೋ ಹತ್ತೋ ಜನ ಕೂರುವ ಚಿಕ್ಕ ಕ್ಯಾಬಿನ್‌ಗಳು ಒಂದರ ಹಿಂದೊಂದು ಸುತ್ತುತ್ತಲೇ ಇರುತ್ತವೆ, ಹಾಗಾಗಿ ಕ್ಯೂ ಕೂಡ ನಿಲ್ಲದೆ ಸರಿಯುತ್ತಿರುತ್ತದೆ. ಉದ್ದದ ಕ್ಯೂ ಕಂಡರೂ ಇಲ್ಲಿ ಅಷ್ಟು ಚಿಂತೆ ಬೇಡ.

ಮತ್ತೊಂದು ವಿಷಯ, ಕೆಲವು ಕಡೆ ಎರಡು ಹಂತ ಇರುತ್ತವೆ. ರಿಯೊ ಡಿ ಜನೈರೊದ ಶುಗರ್‌ಲೋಫ್‌ಗೆ ಹೋಗುವುದೇ ಹೀಗೆ. 1912ರಲ್ಲಿ ಮೊದಲ ಗುಡ್ಡದವರೆಗೆ ಲೈನು ಶುರುವಾಯಿತು, ಮರುವರ್ಷ ಅಲ್ಲಿಂದ ಶುಗರ್‌ಲೋಫ್ ತುದಿಗೆ. ಇವತ್ತಿಗೂ ಮಧ್ಯದಲ್ಲಿ ಇಳಿದು ಕ್ಯಾಬಿನ್ ಬದಲಿಸಬೇಕು. ಗುಲ್‌ಮಾರ್ಗ್‌ನಲ್ಲೂ ಎರಡು ಹಂತ, ಎರಡಕ್ಕೂ ಬೇರೆ ಬೇರೆ ಟಿಕೆಟ್. ಟೂರ್‌ನವರು ಹಾಕುವ ಫೋಟೊ ತುತ್ತತುದಿಯದ್ದು, ಟಿಕೆಟ್ ಮಾತ್ರ ಮೊದಲ ಹಂತದ್ದು ಆಗಿರಬಹುದು.

ಬುಕ್ ಮಾಡುವಾಗ ಬಾಯಿಬಿಟ್ಟು ಕೇಳಿ

ಸಂಕೋಚ ಬೇಡ, ದುಡ್ಡು ನಿಮ್ಮದು ಅಲ್ವಾ. ಟಿಕೆಟ್ ಹೋಗಿಬರುವುದಕ್ಕೋ ಬರೀ ಹೋಗುವುದಕ್ಕೋ? ಎಷ್ಟು ಹಂತ? ಗೈಡ್ ಜೊತೆಗೇ ಮೇಲೆ ಬರುತ್ತಾರಾ, ಇಲ್ಲ ಕೆಳಗಿನ ಸ್ಟೇಷನ್‌ನಲ್ಲಿ ಬಿಟ್ಟು "ಇಂಥ ಹೊತ್ತಿಗೆ ಬನ್ನಿ" ಅಂತ ಹೊರಟುಬಿಡುತ್ತಾರಾ? ಎರಡನೆಯದಾದರೆ ಅದು ಗೈಡ್ ಇರುವ ಟೂರ್ ಅಲ್ಲ, ಬರೀ ಬಸ್ ವ್ಯವಸ್ಥೆ. ಅದಕ್ಕೆ ಗೈಡ್ ಇರುವ ಟೂರ್‌ನ ದುಡ್ಡು ಯಾಕೆ ಕೊಡಬೇಕು? "ಕ್ಯೂ ಇಲ್ಲದೆ ಹೋಗಬಹುದು" ಅಂತ ಬರೆದಿದ್ದರೆ ಅದು ಟಿಕೆಟ್ ಕೌಂಟರ್‌ನ ಕ್ಯೂಗೆ ಮಾತ್ರವೋ, ಹತ್ತುವ ಕ್ಯೂಗೂ ಸೇರಿಯೋ ಕೇಳಿ. ಬಹಳ ಕಡೆ ಟಿಕೆಟ್ ಮೊದಲೇ ತೆಗೆದಿದ್ದರೂ ಹತ್ತುವಾಗ ಎಲ್ಲರ ಜೊತೆಗೇ ನಿಲ್ಲಬೇಕು.

ಎಲ್ಲಕ್ಕಿಂತ ಮುಖ್ಯ, ಗಾಳಿ ಜೋರಾಗಿ ಲೈನು ನಿಂತರೆ ಏನು? ದುಡ್ಡು ವಾಪಸ್ಸಾ, ಇನ್ನೊಂದು ದಿನವಾ, ಅಥವಾ ಬೇರೆಲ್ಲಿಗೋ ಕರೆದುಕೊಂಡು ಹೋಗಿ ಮುಗಿಸುತ್ತಾರಾ? ಇದಕ್ಕೆ ಬಾಯಿಮಾತಿನ ಉತ್ತರ ಸಾಲದು. ಮೆಸೇಜ್‌ನಲ್ಲಿ ಬರೆಸಿಕೊಳ್ಳಿ. ವರ್ಷಕ್ಕೊಮ್ಮೆ ರಿಪೇರಿಗೆ ಅಂತ ಕೆಲವು ದಿನ, ಕೆಲವು ಕಡೆ ವಾರಗಟ್ಟಲೆ ಮುಚ್ಚುತ್ತಾರೆ, ಆ ದಿನಾಂಕಗಳನ್ನೂ ನೋಡಿಕೊಳ್ಳಿ.

ಗಾಳಿಯ ಬಗ್ಗೆ ಇಷ್ಟು ಹೇಳುವುದಕ್ಕೆ ಕಾರಣ ಇದೆ. ಕೆಳಗೆ ಎಲೆಯೂ ಅಲುಗಾಡದ ದಿನ ಮೇಲೆ ಬಿರುಗಾಳಿ ಇರಬಹುದು. ಒಂದೇ ಹಗ್ಗದ ಗೊಂಡೋಲಾಗಳನ್ನು ಸಾಮಾನ್ಯವಾಗಿ ಗಂಟೆಗೆ 60–70 ಕಿಲೋಮೀಟರ್ ಗಾಳಿಗೆ ನಿಲ್ಲಿಸುತ್ತಾರೆ. ಮೂರು ಹಗ್ಗದ ಲೈನುಗಳು, ಅಂದರೆ ಕ್ಯಾಬಿನ್ ಎರಡು ಹಗ್ಗದ ಮೇಲೆ ಉರುಳಿ ಮೂರನೆಯದು ಎಳೆಯುವಂಥವು, ಸುಮಾರು 100ರವರೆಗೂ ತಡೆಯುತ್ತವೆ. ಗುಡುಗು ಸಿಡಿಲಿದ್ದರೆ ಯಾವುದೂ ಓಡುವುದಿಲ್ಲ. ಹೀಗೆ ನಿಲ್ಲಿಸಿದಾಗ ಕೌಂಟರ್‌ನವರ ಮೇಲೆ ರೇಗಾಡುವವರನ್ನು ನೋಡಿದರೆ ನಗು ಬರುತ್ತದೆ. ನಿಲ್ಲಿಸದಿದ್ದರೆ ಅಲ್ವಾ ಭಯಪಡಬೇಕಾದ್ದು!

ಬೆಳಿಗ್ಗೆಯೋ ಸಂಜೆಯೋ

ನನ್ನ ಓಟು ಬೆಳಿಗ್ಗೆಗೆ. ಬಿಸಿಲು ಏರಿದ ಹಾಗೆ ಇಳಿಜಾರಿನ ಗಾಳಿ ಬಿಸಿಯಾಗಿ ಮೇಲೇಳುತ್ತದೆ, ತಣ್ಣಗಾಗಿ ಮೋಡವಾಗುತ್ತದೆ, ಮಧ್ಯಾಹ್ನದ ಹೊತ್ತಿಗೆ ತುದಿಯೇ ಮುಚ್ಚಿಹೋಗುತ್ತದೆ. ಮೊದಲ ಕ್ಯಾಬಿನ್‌ಗಳಲ್ಲಿ ಹೋದರೆ ಕ್ಯೂ ಕಡಿಮೆ, ನೋಟ ಸ್ವಚ್ಛ, ಮತ್ತು ಒಂದು ಗಂಟೆ ಲೈನು ನಿಂತರೂ ಕಾಯುವಷ್ಟು ದಿನ ಉಳಿದಿರುತ್ತದೆ. ಸಂಜೆಯ ಟೂರ್‌ನಲ್ಲಿ ಬೆಳಕು ಚೆಂದ, ಒಪ್ಪುತ್ತೇನೆ. ಆದರೆ ಸೂರ್ಯ ಮುಳುಗಿದ ಮರುಕ್ಷಣ ಮೇಲಿದ್ದವರೆಲ್ಲ ಒಟ್ಟಿಗೆ ಇಳಿಯಲು ಬರುತ್ತಾರೆ. ಚಳಿಯಲ್ಲಿ, ಕತ್ತಲಲ್ಲಿ, ಮಕ್ಕಳನ್ನು ಎತ್ತಿಕೊಂಡು ಆ ಕ್ಯೂನಲ್ಲಿ ನಿಂತವರು ಸೂರ್ಯಾಸ್ತವನ್ನು ಹೊಗಳುವುದಿಲ್ಲ.

ಹೊರಡುವ ದಿನ ಕೆಳಗೆ ನಿಂತು ತಲೆಯೆತ್ತಿ ನೋಡಿ ತೀರ್ಮಾನ ಮಾಡಬೇಡಿ. ಕೆಳಗೆ ದಟ್ಟ ಮಂಜಿದ್ದಾಗ ಮೇಲೆ ಬಿಸಿಲು ಹೊಡೆಯುತ್ತಿರಬಹುದು, ಮೋಡ ಕಾಲಡಿಯಲ್ಲಿ ಹಾಸಿರಬಹುದು. ಹಲವು ದೊಡ್ಡ ಲೈನುಗಳು ತುದಿಯಲ್ಲಿ ವೆಬ್‌ಕ್ಯಾಮ್ ಇಟ್ಟಿರುತ್ತವೆ, ಲೈನು ಓಡುತ್ತಿದೆಯೋ ಇಲ್ಲವೋ ಅಂತಲೂ ತಮ್ಮ ಸೈಟ್‌ನಲ್ಲಿ ಹಾಕುತ್ತವೆ. ಅದನ್ನು ನೋಡಿ. ಒಳ್ಳೆಯ ಗೈಡ್ ಇದನ್ನೆಲ್ಲ ಎದ್ದ ಕೂಡಲೇ ನೋಡಿರುತ್ತಾರೆ, ಬೇಕಾದರೆ ಟೂರ್‌ನ ಹಿಂದುಮುಂದು ಬದಲಿಸುತ್ತಾರೆ. ಗೈಡ್‌ಗೆ ಕೊಟ್ಟ ದುಡ್ಡು ಸಾರ್ಥಕ ಆಗುವುದು ಇಂಥ ಕಡೆ, ಬಸ್ಸಿನ ಮೈಕಿನಲ್ಲಿ ಹೇಳುವ ಇತಿಹಾಸಕ್ಕಲ್ಲ.

ಬ್ಯಾಗಿಗೆ ಏನು ಹಾಕಬೇಕು

ಒಂದು ಸ್ವೆಟರ್ ಅಥವಾ ಗಾಳಿ ತಡೆಯುವ ಜಾಕೆಟ್. ಕೆಳಗೆ ಬೆವರುತ್ತಿದ್ದರೂ ಸರಿ, ಸುಮ್ನೆ ಇಟ್ಟುಕೊಳ್ಳಿ. ಸಾವಿರ ಮೀಟರ್ ಮೇಲೆ ಹೋದರೆ ಉಷ್ಣಾಂಶ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಫ್ರಾನ್ಸ್‌ನ ಶಾಮೊನಿ ಊರು 1,035 ಮೀಟರ್ ಎತ್ತರದಲ್ಲಿದೆ, ಅಲ್ಲಿಂದ ಕೇಬಲ್ ಕಾರ್ ಹತ್ತಿ ತಲುಪುವ ಎಗ್ವಿ ದು ಮಿದಿ ಶಿಖರ 3,842 ಮೀಟರ್. ಈ ಲೆಕ್ಕದಲ್ಲಿ ಸುಮಾರು 18 ಡಿಗ್ರಿ ವ್ಯತ್ಯಾಸ, ಗಾಳಿ ಬೇರೆ. ತಂಪಿದೆ ಅಂತ ಬಿಸಿಲಿನ ಕ್ರೀಮ್ ಮರೆಯಬೇಡಿ. ಸಾವಿರ ಮೀಟರ್‌ಗೆ ಅತಿನೇರಳೆ ಕಿರಣ ಸುಮಾರು ಶೇ 10ರಷ್ಟು ಏರುತ್ತದೆ. ಕಾಲಿಗೆ ಜಾರದ ಶೂ, ಜೊತೆಗೆ ನೀರು. ಅಷ್ಟು ಸಾಕು. ದೊಡ್ಡ ಬ್ಯಾಗ್ ಕ್ಯಾಬಿನ್‌ನಲ್ಲಿ ಪಕ್ಕದವರಿಗೂ ಕಷ್ಟ.

ಹತ್ತುವಾಗ

ಮೊದಲು ಟಾಯ್ಲೆಟ್‌ಗೆ ಹೋಗಿಬನ್ನಿ. ಕ್ಯಾಬಿನ್‌ನಲ್ಲಿ ಅದಿರುವುದಿಲ್ಲ, ದಾರಿಯಲ್ಲಿ ನಿಂತರೆ ಎಷ್ಟು ಹೊತ್ತು ಅಂತ ಹೇಳುವವರೂ ಇಲ್ಲ.

ಗೊಂಡೋಲಾದಲ್ಲಿ ಮೊದಲ ಸಲ ಹೋಗುವವರು ತಬ್ಬಿಬ್ಬಾಗುವುದು ಹತ್ತುವ ಜಾಗದಲ್ಲೇ, ಯಾಕೆಂದರೆ ಕ್ಯಾಬಿನ್ ಪೂರ್ತಿ ನಿಲ್ಲುವುದೇ ಇಲ್ಲ. ಸ್ಟೇಷನ್ ಒಳಗೆ ಬಂದ ಕೂಡಲೇ ಅದರ ತಲೆಯ ಮೇಲಿನ ಹಿಡಿ ಹಗ್ಗವನ್ನು ಬಿಟ್ಟುಬಿಡುತ್ತದೆ. ಹಗ್ಗ ತನ್ನ ವೇಗದಲ್ಲೇ ಓಡುತ್ತಿರುತ್ತದೆ, ಕ್ಯಾಬಿನ್ ಮಾತ್ರ ಪಕ್ಕದ ಕಂಬಿಗೆ ಸರಿದು ನಿಧಾನಕ್ಕೆ ತೆವಳುತ್ತದೆ. ಬಾಗಿಲು ತೆರೆಯುತ್ತದೆ. ಒಳಗಿದ್ದವರು ಇಳಿಯಲು ಬಿಡಿ, ಕ್ಯಾಬಿನ್ ಜೊತೆಗೇ ಎರಡು ಹೆಜ್ಜೆ ನಡೆಯಿರಿ, ಹತ್ತಿ, ಕೂತುಬಿಡಿ. ಓಡುವುದು ಬೇಡ, ಹಾರುವುದೂ ಬೇಡ. ಆಮೇಲೆ ಬಾಗಿಲು ಮುಚ್ಚಿ, ಕ್ಯಾಬಿನ್ ವೇಗ ಹಿಡಿದು, ಹಿಡಿ ಮತ್ತೆ ಹಗ್ಗವನ್ನು ಕಚ್ಚಿ, ನೆಲ ತಪ್ಪುತ್ತದೆ. ಎದೆ ಝಲ್ ಅನ್ನುವುದು ಇಲ್ಲೇ, ಒಂದೇ ಕ್ಷಣ. ವಯಸ್ಸಾದವರು, ಗಾಲಿಕುರ್ಚಿಯವರು ಇದ್ದರೆ ಅಲ್ಲಿನ ಸಿಬ್ಬಂದಿಗೆ ಮೊದಲೇ ಹೇಳಿ. ಲೈನನ್ನು ಇನ್ನೂ ನಿಧಾನ ಮಾಡುತ್ತಾರೆ, ಬೇಕಾದರೆ ನಿಲ್ಲಿಸುತ್ತಾರೆ.

ದೊಡ್ಡ ಕ್ಯಾಬಿನ್‌ನಲ್ಲಿ ಹೆಚ್ಚಾಗಿ ನಿಂತೇ ಹೋಗಬೇಕು. ಮೇಲೆ ಹೋಗುವಾಗ ಕಣಿವೆಯ ಕಡೆಯ, ಅಂದರೆ ಹಿಂಬದಿಯ ಕಿಟಕಿ ಹಿಡಿಯಿರಿ. ಮುಂದಿನ ಕಿಟಕಿಗೆ ನುಗ್ಗಿದವರಿಗೆ ಕಾಣುವುದು ಬರೀ ಬಂಡೆ. ಟೇಬಲ್ ಮೌಂಟೇನ್‌ನಲ್ಲಿ ಈ ತಾಪತ್ರಯ ಇಲ್ಲ, 1997ರಲ್ಲಿ ಬಂದ ಹೊಸ ಕ್ಯಾಬಿನ್‌ಗಳ ನೆಲವೇ ದಾರಿಯಲ್ಲಿ ಒಂದು ಸುತ್ತು ತಿರುಗುತ್ತದೆ, ನಿಂತಲ್ಲೇ ನಿಂತರೆ ಎಲ್ಲ ದಿಕ್ಕೂ ಸಿಗುತ್ತದೆ.

ದಾರಿಯಲ್ಲಿ

ಕಂಬ ಬಂದಾಗ ತಲೆಯ ಮೇಲೆ ಗಡಗಡ ಸದ್ದಾಗುತ್ತದೆ, ದಾಟಿದ ಕೂಡಲೇ ಕ್ಯಾಬಿನ್ ಮುಂದಕ್ಕೆ ಜೋಲಿ ಹೊಡೆಯುತ್ತದೆ. ಕಿರುಚಾಟ ಕೇಳಿಸುವುದು ಆಗಲೇ. ಆಗುವುದಿಷ್ಟೆ: ಕಂಬದವರೆಗೆ ಕಡಿದಾಗಿ ಏರುತ್ತಿದ್ದ ಹಗ್ಗ ಕಂಬ ದಾಟಿದ ಮೇಲೆ ಸಪಾಟಾಗುತ್ತದೆ, ತೂಗುತ್ತಿರುವ ಕ್ಯಾಬಿನ್ ಆ ಬದಲಾವಣೆಗೆ ಓಲಾಡಿ ಸರಿಹೋಗುತ್ತದೆ. ಕಂಬಿ ಹಿಡಿದು ಮೊಣಕಾಲು ಸ್ವಲ್ಪ ಸಡಿಲ ಬಿಟ್ಟರೆ ಗೊತ್ತೇ ಆಗುವುದಿಲ್ಲ.

ಕಿವಿ ಗಂವ್ ಅಂದರೆ ಎಂಜಲು ನುಂಗಿ, ಆಕಳಿಸಿ. ಕೂಸುಗಳಿಗೆ ಹಾಲು ಕುಡಿಸಿದರೆ ಅದೇ ಕೆಲಸ ಆಗುತ್ತದೆ. ಜೋರು ನೆಗಡಿ ಇದ್ದವರಿಗೆ ಏರುವಾಗಿಗಿಂತ ಇಳಿಯುವಾಗ ಕಿವಿನೋವು ಜಾಸ್ತಿ. ಫೋಟೊ ತೆಗೆಯುವವರು ಫ್ಲ್ಯಾಶ್ ಆಫ್ ಮಾಡಿ ಫೋನನ್ನು ಗಾಜಿಗೆ ಒತ್ತಿ ಹಿಡಿಯಿರಿ, ಪ್ರತಿಬಿಂಬ ಬರುವುದಿಲ್ಲ. ಬಿಳಿ ಅಂಗಿಗಿಂತ ಗಾಢ ಬಣ್ಣದ ಅಂಗಿ ಗಾಜಿನಲ್ಲಿ ಕಡಿಮೆ ಕಾಣುತ್ತದೆ.

ನಡುದಾರಿಯಲ್ಲಿ ನಿಂತರೆ? ಹೆಚ್ಚಿನ ಸಲ ಸ್ಟೇಷನ್‌ನಲ್ಲಿ ಯಾರೋ ಹತ್ತಲು ತಡ ಮಾಡಿರುತ್ತಾರೆ, ಒಂದೆರಡು ನಿಮಿಷದಲ್ಲಿ ಹೊರಡುತ್ತದೆ. ಮುಖ್ಯ ಮೋಟರ್ ಕೈಕೊಟ್ಟರೆ ಬದಲಿ ಎಂಜಿನ್ ಇರುತ್ತದೆ, ಅದು ಎಲ್ಲ ಕ್ಯಾಬಿನ್‌ಗಳನ್ನೂ ನಿಧಾನಕ್ಕೆ ಸ್ಟೇಷನ್‌ಗೆ ಎಳೆದು ತರುತ್ತದೆ. ಹಗ್ಗ ಕಟ್ಟಿ ಇಳಿಸುವುದು ತೀರಾ ಕೊನೆಯ ದಾರಿ. ಅಲ್ಲಿಯವರೆಗೆ ಬಾಗಿಲು ಮುಟ್ಟಬೇಡಿ, ಕ್ಯಾಬಿನ್ ಅಲ್ಲಾಡಿಸಿ ತಮಾಷೆ ಮಾಡಬೇಡಿ.

ಮೇಲೆ ತಲುಪಿದ ಮೇಲೆ

ಇಳಿದ ತಕ್ಷಣ ಮೆಟ್ಟಿಲು ಹತ್ತಿ ಓಡಬೇಡಿ, ಅದರಲ್ಲೂ 2,500 ಮೀಟರ್ ದಾಟಿದ ಜಾಗಗಳಲ್ಲಿ. ಎಗ್ವಿ ದು ಮಿದಿಗೆ ಸುಮಾರು 20 ನಿಮಿಷದಲ್ಲಿ 2,800 ಮೀಟರ್ ಏರಿಬಿಡುತ್ತೀರಿ. ಗುಲ್‌ಮಾರ್ಗ್‌ನ ಎರಡನೇ ಹಂತವೂ 3,900 ಮೀಟರ್ ದಾಟುತ್ತದೆ. ನಡೆದು ಏರಿದ್ದರೆ ಮೈ ಒಗ್ಗಿಕೊಳ್ಳುತ್ತಿತ್ತು, ಇಲ್ಲಿ ಅದಕ್ಕೆ ಹೊತ್ತೇ ಸಿಗುವುದಿಲ್ಲ. ತಲೆ ಸುತ್ತು, ತಲೆನೋವು, ಏದುಸಿರು ಬಂದರೆ ಕೂತುಕೊಳ್ಳಿ, ಕಡಿಮೆಯಾಗದಿದ್ದರೆ ಗೈಡ್‌ಗೆ ಹೇಳಿ ಕೆಳಗಿಳಿಯಿರಿ. ಹೃದಯ, ಶ್ವಾಸಕೋಶದ ತೊಂದರೆ ಇರುವವರು, ಬಸುರಿಯರು ಇಷ್ಟು ಎತ್ತರಕ್ಕೆ ಹೋಗುವ ಮೊದಲು ವೈದ್ಯರನ್ನು ಕೇಳುವುದು ಒಳ್ಳೆಯದು. ಸ್ಕೂಬಾ ಡೈವಿಂಗ್ ಮಾಡಿದ ದಿನ ಬೆಟ್ಟ ಏರಲೇಬಾರದು.

ಮೊದಲ ಕಟಕಟೆಯ ಹತ್ತಿರ ಎಲ್ಲರೂ ಗುಂಪುಗೂಡಿರುತ್ತಾರೆ. ಅಲ್ಲಿ ಹೊತ್ತು ಕಳೆಯಬೇಡಿ. ಐದು ಹತ್ತು ನಿಮಿಷ ನಡೆದರೆ ಅದೇ ನೋಟ, ಜನ ಮಾತ್ರ ಕಾಲುಭಾಗ. ಯಾವ ಕಡೆಗೆ ನಡೆಯಬೇಕು ಅಂತ ಗೈಡ್‌ನ ಕೇಳಿ, ಅವರಿಗೆ ಗೊತ್ತಿರುತ್ತದೆ.

ಇಳಿಯುವುದು

ಗೈಡ್ "ಹನ್ನೆರಡು ಗಂಟೆಗೆ ಸೇರೋಣ" ಅಂದರೆ ಎಲ್ಲಿ ಅಂತ ಕೇಳಿ. ಮೇಲಿನ ಸ್ಟೇಷನ್‌ನಲ್ಲೋ, ಕೆಳಗೋ? ಕೆಳಗೆ ಅಂದರೆ ನೀವು ಮುಕ್ಕಾಲು ಗಂಟೆ ಮೊದಲೇ ಇಳಿಯುವ ಕ್ಯೂನಲ್ಲಿರಬೇಕು. ಬೋರ್ಡಿನಲ್ಲಿ ಬರೆದ ಕೊನೆಯ ಕ್ಯಾಬಿನ್ ಸಮಯವನ್ನು ನೆಚ್ಚಿಕೊಂಡು ಕೂರಬೇಡಿ, ಗಾಳಿ ಎದ್ದರೆ ಆ ಸಮಯಕ್ಕೆ ಬೆಲೆಯೇ ಇಲ್ಲ. ಟೇಬಲ್ ಮೌಂಟೇನ್‌ನಲ್ಲಿ ಹವಾಮಾನ ಕೆಡುವಾಗ ಸೈರನ್ ಊದುತ್ತಾರೆ, ಕೇಳಿಸಿದರೆ ಫೋಟೊ ಅರ್ಧಕ್ಕೆ ಬಿಟ್ಟು ಸ್ಟೇಷನ್ ಕಡೆ ನಡೆಯಬೇಕು. "ನಡೆದೇ ಇಳಿದರಾಯಿತು" ಅನ್ನುವ ಹುಮ್ಮಸ್ಸು ಅರ್ಧ ದಿನದ ಟೂರ್‌ಗೆ ಹೊಂದುವುದಿಲ್ಲ. ಐದು ನಿಮಿಷದಲ್ಲಿ ಏರಿದ ಬೆಟ್ಟ ಇಳಿಯಲು ಗಂಟೆಗಟ್ಟಲೆ ಬೇಕು, ಮಂಡಿ ಬೇರೆ ನೋಯುತ್ತದೆ, ದಾರಿ ಗೊತ್ತಿಲ್ಲದಿದ್ದರೆ ಅಪಾಯ.

ಟಿಕೆಟ್ ಎಸೆಯಬೇಡಿ, ಇಳಿಯುವಾಗಲೂ ಸ್ಕ್ಯಾನ್ ಮಾಡುವ ಕಡೆಗಳಿವೆ. ಕೆಳಗಿನ ಪಾರ್ಕಿಂಗ್‌ನಲ್ಲಿ ಒಂದೇ ಬಣ್ಣದ ಟೂರ್ ಬಸ್ಸುಗಳು ಸಾಲಾಗಿ ನಿಂತಿರುತ್ತವೆ. ಬೆಳಿಗ್ಗೆ ಇಳಿದಾಗಲೇ ನಿಮ್ಮ ಬಸ್ಸಿನ ನಂಬರ್ ಪ್ಲೇಟ್ ಫೋಟೊ ತೆಗೆದಿಟ್ಟುಕೊಂಡರೆ ಹುಡುಕಾಡದೆ ನೇರ ಹೋಗಿ ಕೂರಬಹುದು.