ಗೇನ್ ಸೇಫ್ ಮಾಡಿ, ಸೀನ್ ರೀಕಾಲ್ ಧೈರ್ಯವಾಗಿ ಒತ್ತಿ

"ನಡು ಕಾರ್ಯಕ್ರಮದಾಗ ಸೀನ್ ರೀಕಾಲ್ ಮಾಡಿದ್ರ ಮರ್ಯಾದಿ ಹೋಗ್ತದ ನೋಡಪ್ಪಾ" ಅಂತ ಕಲಬುರಗಿಯ ಹಿರಿಯ ಮೈಕ್‌ಸೆಟ್ ಮಂದಿ ನನ್ನನ್ನು ಹೆದರಿಸಿದ್ದೇ ಹೆದರಿಸಿದ್ದು. ಸೀನ್ ಅಂದ್ರೆ ಮಿಕ್ಸರ್ ಬೋರ್ಡಿನ ಸೆಟ್ಟಿಂಗ್ ಉಳಿಸಿಟ್ಟ ಪ್ರತಿ, ರೀಕಾಲ್ ಅಂದ್ರೆ ಅದನ್ನು ಮತ್ತೆ ಕರೆಯೋದು. ಈ ಸಲ ಶ್ರಾವಣದ ಪ್ರವಚನ ತಿಂಗಳು ಪೂರ್ತಿ ರೀಕಾಲ್ ಮೇಲೆಯೇ ನಡೆಸಿದೆ. ಒಂದು ದಿನವೂ ಸ್ಪೀಕರ್ ಬಾಕ್ಸ್ ಕೂಗಲಿಲ್ಲ.

ನನ್ನದು ಬೆಹ್ರಿಂಗರ್ ಎಕ್ಸ್-32 ಡಿಜಿಟಲ್ ಮಿಕ್ಸರ್. ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ತಂದದ್ದು, ಕೇಸ್ ಸೇರಿ ಒಂದೂವರೆ ಲಕ್ಷದ ಆಸುಪಾಸು. 100 ಸೀನ್‌ಗೆ ಜಾಗ ಇದೆಯಲ್ಲ, ಮೊದಮೊದಲು ವಚನ ಗಾಯನಕ್ಕೊಂದು, ನಾಟಕಕ್ಕೊಂದು, ಭಾಷಣಕ್ಕೊಂದು ಪೂರ್ತಿ ಸೀನ್ ಇಟ್ಟಿದ್ದೆ. ಎಸ್.ಎಂ. ಪಂಡಿತ ರಂಗಮಂದಿರದಲ್ಲಿ ಒಂದು ಸಂಜೆ ಗಾಯಕರು ಮೆತ್ತಗೆ ಹಾಡಿದರು ಅಂತ ಗೇನ್ (ಮೈಕ್ ದನಿ ಬೋರ್ಡಿಗೆ ಬರುವಾಗಿನ ಮಟ್ಟ) ಏರಿಸಿದೆ, ತಬಲಾದ್ದು ಇಳಿಸಿದೆ. ಮುಂದಿನ ಸೀನ್ ಒತ್ತಿದ್ದೇ ತಡ, ಎಲ್ಲಾ ಗೇನ್ ಮಧ್ಯಾಹ್ನ ಉಳಿಸಿದ ಜಾಗಕ್ಕೆ ವಾಪಸ್. ಹಾಡು ಕೇಳಿಸ್ತಿಲ್ಲ, ತಬಲಾದವರ ಮುಂದಿನ ಮಾನಿಟರ್ ಸ್ಪೀಕರ್ ಕುಂಯ್ ಅಂತಿದೆ. ಸಂಘಟಕರು ಬಿಲ್ಲಿನಲ್ಲಿ ಐದು ಸಾವಿರ ಹಿಡಿದರು. ಇವತ್ತಿಗೂ ಬಂದಿಲ್ಲ.

ಈಗ ಬೇಸ್ ಸೀನ್ ಎಳೆದುಕೊಂಡು ಸೌಂಡ್ ಚೆಕ್ ಮುಗಿಸುತ್ತೇನೆ. ಆಮೇಲೆ ಪಾರ್ ಸೇಫ್ ಪುಟಕ್ಕೆ ಹೋಗಿ ಹೆಡ್ ಆಂಪ್ (ಅಂದ್ರೆ ಗೇನ್), ದನಿಯ ತೆಳು-ದಪ್ಪ ತಿದ್ದುವ ಇಕ್ಯೂ, ಮಾನಿಟರ್‌ಗೆ ಹೋಗುವ ಬಸ್ ಸೆಂಡ್, ಎಲ್ಲಕ್ಕೂ ಟಿಕ್. ಟಿಕ್ ಹಾಕಿದ್ದನ್ನು ರೀಕಾಲ್ ಮುಟ್ಟೋದಿಲ್ಲ. ಸೀನ್ ಬದಲಾದರೆ ಮ್ಯೂಟ್, ಫೇಡರ್, ರಿವರ್ಬ್ ಮಾತ್ರ ಬದಲಾಗಬೇಕು. ಪ್ರವಚನ ಹೇಳುವ ಅಪ್ಪಾವರ ಮೈಕ್ ಚಾನ್ ಸೇಫ್‌ನಲ್ಲಿ, ಅಂದ್ರೆ ಇಡೀ ಚಾನೆಲ್ಲೇ ಸೇಫ್. ಏನೇ ರೀಕಾಲ್ ಆಗಲಿ, ಅದು ಅಲುಗಾಡಬಾರದು. ಎರಡು ಮ್ಯೂಟ್ ಬದಲಿಸೋದಕ್ಕೆ ಸೀನ್ ಯಾಕೆ, ಬೇಕಾದಷ್ಟೇ ಸೆಟ್ಟಿಂಗ್ ಉಳಿಸುವ ಸ್ನಿಪೆಟ್ ಸಾಕು. ಮಾನಿಟರ್ ನೋಡಿಕೊಳ್ಳೋಕೆ ದಿನಕ್ಕೆ ಎಂಟುನೂರು ಕೊಟ್ಟು ಇಟ್ಟಿದ್ದ ಹುಡುಗ ಈಗ ಕೇಬಲ್ ಕೆಲಸಕ್ಕೆ. ಲ್ಯಾಪೆಲ್ ಮೈಕಿನ ಇಕ್ಯೂ ಹೇಗೆ ಕೂರಿಸಿದ್ದೇನೆ ಅಂತ ಮಾತ್ರ ಕೇಳಬೇಡಿ, ಅದು ನಮ್ಮ ಹೊಟ್ಟೆಪಾಡು.

ಬೀದರಿಗೆ ಬರೀ ಸೀನ್ ತುಂಬಿದ ಪೆನ್‌ಡ್ರೈವ್ ಹಿಡಿದು ಹೋಗಿದ್ದೆ. ಬಾಡಿಗೆ ಬೋರ್ಡ್, ಮಾಡೆಲ್ ಅದೇ. ಸೀನ್ ಲೋಡ್ ಮಾಡಿದರೆ ಪೂರ್ತಿ ಸೈಲೆಂಟ್. ಅವರು ವೇದಿಕೆ ಮೇಲೆ ಮೈಕ್ ಚುಚ್ಚುವ ಸ್ಟೇಜ್ ಬಾಕ್ಸಿನಿಂದ ಲೈನ್ ತಂದಿದ್ದರು, ನನ್ನ ಸೀನ್ ಬೋರ್ಡಿನ ಹಿಂದಿನ ಜ್ಯಾಕ್ ಹುಡುಕುತ್ತಿತ್ತು. ಹೊರಗಿನ ಬೋರ್ಡ್ ಆದರೆ ಯಾವ ಲೈನ್ ಎಲ್ಲಿಂದ ಎಲ್ಲಿಗೆ ಅಂತ ಹೇಳುವ ರೂಟಿಂಗ್, ಔಟ್ ಪ್ಯಾಚ್ ಎರಡನ್ನೂ ಮೊದಲೇ ಸೇಫ್ ಮಾಡಿಬಿಡಿ.

ಇನ್ನೊಂದು ಆಟ. ಈ ಸೀನ್ ಫೈಲ್ ಬರೀ ಟೆಕ್ಸ್ಟ್. ಸುಮ್ನೆ ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿದೆ, ಚಾನೆಲ್ ಹೆಸರು, ಬಣ್ಣ ಎಲ್ಲಾ ಸಾಲುಸಾಲಾಗಿ ಇವೆ. ಬೋರ್ಡಿನ ಗುಂಡಿ ತಿರುಗಿಸಿ ಒಂದೊಂದೇ ಅಕ್ಷರ ಕೂಡಿಸುವ ಬದಲು 32 ಹೆಸರನ್ನೂ ಮನೆಯಲ್ಲಿ ಚಹಾ ಕುಡಿಯುತ್ತಾ ಬರೆದೆ. ಕಾಪಿ ಮೇಲೆ ಮಾತ್ರ ಕೈ ಆಡಿಸಿ. ಪೆನ್‌ಡ್ರೈವ್ ಫ್ಯಾಟ್-32 ಫಾರ್ಮ್ಯಾಟ್‌ನಲ್ಲಿ ಇರಲಿ, ಇಲ್ಲಾಂದ್ರೆ ಬೋರ್ಡ್ ಅದನ್ನು ಓದೋದೇ ಇಲ್ಲ.