ಇ-ಮೇಲ್ ಬರೆಯುವಾಗ ಕಾಣುವ ಚುಕ್ಕೆ, ಬಾಣಗಳನ್ನು ಮರೆಮಾಡುವ ಬಗೆ

ಡೊಂಬಿವಲಿಯಲ್ಲಿ ನಾನು ಸದಸ್ಯನಾಗಿರುವ ಕನ್ನಡ ಸಂಘದ ಕಾರ್ಯದರ್ಶಿಗಳು ವಾರ್ಷಿಕ ಮಹಾಸಭೆಯ ಸೂಚನಾಪತ್ರವನ್ನು ಔಟ್‌ಲುಕ್‌ನಲ್ಲಿ ಟೈಪ್ ಮಾಡುತ್ತಿದ್ದಾಗ, ಇದ್ದಕ್ಕಿದ್ದಂತೆ ಪದಗಳ ನಡುವೆ ಚುಕ್ಕೆಗಳೂ ಸಾಲುಗಳ ಕೊನೆಯಲ್ಲಿ ¶ ಎಂಬ ಗುರುತೂ ಮೂಡಿದವು. ಸದಸ್ಯರಿಗೂ ಪತ್ರ ಹೀಗೆಯೇ ತಲುಪುತ್ತದೆಂದು ಭಾವಿಸಿದ ಅವರು ಚುಕ್ಕೆಗಳನ್ನು ಒಂದೊಂದಾಗಿ ಅಳಿಸಲು ತೊಡಗಿದರು. ಅಳಿಸಿದಲ್ಲೆಲ್ಲ ಎರಡು ಪದಗಳು ಅಂಟಿಕೊಂಡವು. ಈ ಗುರುತುಗಳು ಬರೆಯುವವರ ಪರದೆಯಲ್ಲಿ ಮಾತ್ರ ಕಾಣುತ್ತವೆ, ಪತ್ರದೊಡನೆ ಹೋಗುವುದಿಲ್ಲ, ಮುದ್ರಣದಲ್ಲಿಯೂ ಬರುವುದಿಲ್ಲ. ಆದ್ದರಿಂದ ಅವುಗಳನ್ನು ಮರೆಮಾಡಬೇಕೇ ಹೊರತು ಅಳಿಸಬಾರದು.

ಮುಂದೆ ಹೇಳುವ ಕ್ರಮ ವಿಂಡೋಸ್‌ನಲ್ಲಿರುವ ಹಳೆಯ ಮಾದರಿಯ, ಅಂದರೆ ಕ್ಲಾಸಿಕ್ ಔಟ್‌ಲುಕ್‌ಗೆ ಸಂಬಂಧಿಸಿದ್ದು. 2007ರ ಆವೃತ್ತಿಯಿಂದ ಅದರಲ್ಲಿ ಪತ್ರ ಬರೆಯುವ ಜಾಗವನ್ನು ವರ್ಡ್ ತಂತ್ರಾಂಶವೇ ನಿರ್ವಹಿಸುತ್ತಿರುವುದರಿಂದ, ವರ್ಡ್‌ನಲ್ಲಿ ಕಾಣುವ ಗುರುತುಗಳೇ ಇಲ್ಲಿಯೂ ಕಾಣುತ್ತವೆ.

ಮೊದಲು ಪತ್ರದ ಒಡಲಿನೊಳಗೆ ಒಮ್ಮೆ ಕ್ಲಿಕ್ ಮಾಡಿರಿ. ಕರ್ಸರ್ ವಿಳಾಸದ ಅಥವಾ ವಿಷಯದ ಸಾಲಿನಲ್ಲಿದ್ದರೆ ಬೇಕಾದ ಗುಂಡಿ ಮಸುಕಾಗಿರುತ್ತದೆ. ಬಳಿಕ ಮೇಲಿನ ‘ಫಾರ್ಮ್ಯಾಟ್ ಟೆಕ್ಸ್ಟ್’ ಟ್ಯಾಬ್ ತೆರೆದು, ‘ಪ್ಯಾರಾಗ್ರಾಫ್’ ಗುಂಪಿನಲ್ಲಿ ¶ ಚಿತ್ರವಿರುವ ಗುಂಡಿಯನ್ನು ಒತ್ತಿರಿ. ಬಂದ ಪತ್ರವನ್ನು ಓದುವ ಜಾಗದಲ್ಲಿಯೇ ಉತ್ತರ ಬರೆಯುತ್ತಿದ್ದು ಈ ಟ್ಯಾಬ್ ಕಾಣದಿದ್ದರೆ, ‘ಪಾಪ್ ಔಟ್’ ಒತ್ತಿ ಪತ್ರವನ್ನು ಪ್ರತ್ಯೇಕ ಕಿಟಕಿಗೆ ತಂದುಕೊಳ್ಳಬೇಕು. ಕೀಲಿಮಣೆಯಿಂದಲೇ ಮಾಡುವುದಾದರೆ ಕಂಟ್ರೋಲ್, ಶಿಫ್ಟ್ ಮತ್ತು ಅಕ್ಷರಗಳ ಮೇಲಿನ ಸಾಲಿನ 8, ಈ ಮೂರನ್ನೂ ಒಟ್ಟಿಗೆ ಒತ್ತಿದರೆ ಸಾಕು. ನಕ್ಷತ್ರ ಚಿಹ್ನೆಗಾಗಿ ಶಿಫ್ಟ್ ಮತ್ತು 8 ಒತ್ತುವಾಗ ಬೆರಳು ಕಂಟ್ರೋಲ್ ಕೀಲಿಗೂ ತಾಗಿದರೆ ಗುರುತುಗಳು ತಾವಾಗಿ ಬಂದಂತೆ ತೋರುವುದೂ ಇದರಿಂದಲೇ.

ಗುಂಡಿ ಒತ್ತಿದ ಮೇಲೂ ಕೆಲವು ಗುರುತುಗಳು ಉಳಿದರೆ, ಅವನ್ನು ಸದಾ ತೋರಿಸುವ ಆಯ್ಕೆ ಬೇರೆಡೆ ಚಾಲೂ ಆಗಿದೆಯೆಂದು ತಿಳಿಯಬೇಕು. ‘ಫೈಲ್’, ‘ಆಪ್ಷನ್ಸ್’, ‘ಮೇಲ್’, ‘ಎಡಿಟರ್ ಆಪ್ಷನ್ಸ್’, ‘ಡಿಸ್‌ಪ್ಲೇ’ ಎಂಬ ಕ್ರಮದಲ್ಲಿ ಹೋದರೆ, ಪರದೆಯಲ್ಲಿ ಸದಾ ತೋರಿಸಬೇಕಾದ ಗುರುತುಗಳ ಪಟ್ಟಿ ಸಿಗುತ್ತದೆ. ಅಲ್ಲಿನ ಟಿಕ್‌ಗಳನ್ನೆಲ್ಲ ತೆಗೆದು ‘ಓಕೆ’ ಒತ್ತಿರಿ.

ಆದರೆ ಮರೆಮಾಡುವ ಮುನ್ನ ಒಮ್ಮೆ ಅವುಗಳನ್ನು ಓದಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಒಂದು ಚುಕ್ಕೆಯೆಂದರೆ ಒಂದು ಖಾಲಿ ಜಾಗ; ಎರಡು ಚುಕ್ಕೆಗಳಿದ್ದರೆ ಸ್ಪೇಸ್ ಎರಡು ಸಲ ಬಿದ್ದಿದೆ. ಬಲಕ್ಕೆ ನೋಡುವ ಬಾಣ ಟ್ಯಾಬ್ ಕೀಲಿಯದು, ಬಾಗಿದ ಬಾಣ ಶಿಫ್ಟ್‌ನೊಡನೆ ಎಂಟರ್ ಒತ್ತಿ ಮುರಿದ ಸಾಲಿನದು. ಜಮಾಖರ್ಚಿನ ಕೋಷ್ಟಕವಿದ್ದರೆ ಪ್ರತಿ ಮನೆಯ ಕೊನೆಯಲ್ಲೂ ಪುಟ್ಟ ಗುರುತೊಂದಿರುತ್ತದೆ. ಸಭಾಂಗಣದ ವಿಳಾಸದಲ್ಲಿ ‘ಮಾಟುಂಗ, ಮುಂಬಯಿ 400019’ ಎಂದು ಬರೆದಾಗ ಊರಿನ ಹೆಸರು ಒಂದು ಸಾಲಿನಲ್ಲಿ, ಪಿನ್‌ಕೋಡ್ ಮುಂದಿನ ಸಾಲಿನಲ್ಲಿ ಬೀಳುವುದುಂಟು. ಆ ಎರಡರ ನಡುವೆ ಬರಿಯ ಸ್ಪೇಸ್ ಬದಲು ಕಂಟ್ರೋಲ್, ಶಿಫ್ಟ್ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಅವು ಬೇರೆಯಾಗುವುದಿಲ್ಲ. ಅಲ್ಲಿ ಚುಕ್ಕೆಗೆ ಬದಲಾಗಿ ಸಣ್ಣ ಸೊನ್ನೆಯಂಥ ಗುರುತು ಕಾಣುತ್ತದೆ.

ಕನ್ನಡದಲ್ಲಿ ಬರೆಯುವವರು ಇನ್ನೊಂದು ಸಂಗತಿಯನ್ನು ಗಮನಿಸಲೇಬೇಕು. ‘ಆಫೀಸ್‌ನಲ್ಲಿ’ ಎಂಬ ಪದದಲ್ಲಿ ಸಕಾರವೂ ನಕಾರವೂ ಒತ್ತಕ್ಷರವಾಗಿ ಕೂಡಿಕೊಳ್ಳದಂತೆ ಅವುಗಳ ನಡುವೆ ಅಗಲವೇ ಇಲ್ಲದ ಒಂದು ಅಕ್ಷರಸಂಕೇತ ಇರುತ್ತದೆ. ಗುರುತುಗಳು ಚಾಲೂ ಇದ್ದಾಗ ಅದೂ ಪದದ ಮಧ್ಯೆ ಗೋಚರಿಸಬಹುದು. ಅದನ್ನು ಕಸವೆಂದು ಬಗೆದು ಅಳಿಸಿದರೆ ಪದ ‘ಆಫೀಸ್ನಲ್ಲಿ’ ಎಂದಾಗುತ್ತದೆ. ಮರಾಠಿ ಮತ್ತು ಇಂಗ್ಲಿಷಿನ ಪದಗಳಿಗೆ ದಿನವೂ ಕನ್ನಡದ ವಿಭಕ್ತಿ ಹಚ್ಚುವ ಮುಂಬಯಿಯ ನಮಗೆ ಈ ಅಳಿಸುವಿಕೆಯ ನಷ್ಟ ಹೆಚ್ಚು. ‘ದಾದರ್‌ನಿಂದ’ ಎಂಬಲ್ಲಿ ಅದು ಹೋದರೆ ರಕಾರವು ಅರ್ಕಾವೊತ್ತಾಗಿ ಬದಲಾಗಿ, ನಿಲ್ದಾಣದ ಹೆಸರೇ ಓದಲು ತೊಡಕಾಗುತ್ತದೆ.

ಚುಕ್ಕೆಗಳನ್ನು ಸಾಲಾಗಿ ಇಟ್ಟು ಅಡಿಗೆರೆ ಎಳೆದಂತೆ ಕಾಣುವ ಬರಹವೇನಾದರೂ ಇದ್ದರೆ, ಅದು ‘ಹಿಡನ್’ ಎಂದು ಗುರುತಾದ ಪಠ್ಯ. ಗುಂಡಿ ಒತ್ತಿದೊಡನೆ ಅದು ನಿಮ್ಮ ಕಣ್ಣಿಗೆ ಮರೆಯಾದರೂ ಪತ್ರದೊಳಗೆ ಉಳಿದಿರುತ್ತದೆ, ಪತ್ರದೊಡನೆ ಪ್ರಯಾಣವನ್ನೂ ಮಾಡುತ್ತದೆ. ಹಳೆಯ ನಡಾವಳಿಯಿಂದ ನಕಲು ಮಾಡಿ ತಂದ ಪತ್ರದಲ್ಲಿ ಇಂಥದ್ದು ಸಿಕ್ಕಿದರೆ, ಇದೊಂದನ್ನು ಮಾತ್ರ ಮರೆಮಾಡುವ ಮೊದಲು ಓದಿ ನೋಡಿ, ಬೇಡವಾದರೆ ನಿಜವಾಗಿಯೇ ಅಳಿಸಿಬಿಡಿರಿ.