ಇಲಿಯ ಹೃದಯ, ಶೇ. 10 ಆಮ್ಲಜನಕ: ತೂಕ ಮತ್ತು ಎಎನ್‌ಪಿ ಹಾರ್ಮೋನ್ ಅಳೆಯುವ ನಮ್ಮ ಕ್ರಮ

ಶೇ. 10 ಆಮ್ಲಜನಕದಲ್ಲಿ ಮೂರು ವಾರ ಇಟ್ಟ ಇಲಿಯ ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಆ ಒತ್ತಡ ಬಲ ಹೃತ್ಕುಕ್ಷಿಯ ಮೇಲೆ ಬಿದ್ದು ಅದರ ಗೋಡೆ ದಪ್ಪಗಾಗುತ್ತದೆ, ಎಡದ್ದು ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ.

ಆಮ್ಲಜನಕ ಇಳಿಸಲು ಇಲಿಗಳ ಪೆಟ್ಟಿಗೆಗೆ ಸಾರಜನಕ ಬಿಡುವ ಮೊದಲು ಆಮ್ಲಜನಕದ ಸೆನ್ಸರನ್ನು ಹೊರಗಾಳಿಯಲ್ಲಿ ಶೇ. 20.9ಕ್ಕೆ ಹೊಂದಿಸುತ್ತೇವೆ. ಬೆಂಗಳೂರಿನಲ್ಲಿ ಮಾಡುವವರು ಒಂದು ಲೆಕ್ಕ ಮರೆಯಬಾರದು: ಸಮುದ್ರಮಟ್ಟದಲ್ಲಿ ಶೇ. 10 ಅಂದರೆ ಆಮ್ಲಜನಕದ ಒತ್ತಡ 76 ಮಿ.ಮೀ. ಪಾದರಸ, ಸುಮಾರು 900 ಮೀಟರ್ ಎತ್ತರದಲ್ಲಿ ಅದು 68ರ ಆಸುಪಾಸು. ಅದೇ 76 ಬೇಕೆಂದರೆ ಶೇ. 11ಕ್ಕೆ ಇಡಬೇಕು. ಇಂಗಾಲದ ಡೈಆಕ್ಸೈಡ್ ಹೀರಲು ಸೋಡಾ ಲೈಮ್ ಇರಲಿ, ಬಣ್ಣ ತಿರುಗಿದ ಕೂಡಲೇ ಬದಲಿಸಿ. ಕೋಣೆಯಲ್ಲಿ ಆಮ್ಲಜನಕದ ಅಲಾರಾಂ ಇಲ್ಲದೆ ಸಾರಜನಕದ ಸಿಲಿಂಡರ್ ತೆರೆಯಲೇಬೇಡಿ.

ಹೆಚ್ಚಿನವರು ಎಡವುವುದು ಹೃದಯದ ತೂಕವನ್ನು ಮೈತೂಕದಿಂದ ಭಾಗಿಸುವಲ್ಲಿ. ಆಮ್ಲಜನಕ ಕಡಿಮೆಯಾದ ಇಲಿ ಸರಿಯಾಗಿ ತಿನ್ನುವುದಿಲ್ಲ, ಮೈತೂಕ ಇಳಿಯುತ್ತದೆ. ಉದಾಹರಣೆಗೆ 300 ಗ್ರಾಂ ಇಲಿಯಲ್ಲಿ ಎಡಕುಕ್ಷಿ ಮತ್ತು ನಡುಗೋಡೆ ಸೇರಿ 680 ಮಿಲಿಗ್ರಾಂ, 240 ಗ್ರಾಮಿನದರಲ್ಲಿ 600 ಎಂದುಕೊಳ್ಳಿ. ಮೈತೂಕದಿಂದ ಭಾಗಿಸಿದರೆ ಗ್ರಾಮಿಗೆ 2.27 ಮತ್ತು 2.5 ಮಿಲಿಗ್ರಾಂ ಬರುತ್ತದೆ, ಎಡಭಾಗವೂ ಬೆಳೆದಂತೆ ಕಾಣುತ್ತದೆ. ಬೆಳೆದಿಲ್ಲ, ಇಲಿ ಸೊರಗಿದೆ ಅಷ್ಟೆ. ಅದಕ್ಕೇ ಬಲಕುಕ್ಷಿಯ ತೂಕವನ್ನು ಎಡಕುಕ್ಷಿ ಮತ್ತು ನಡುಗೋಡೆಯ ತೂಕದಿಂದ ಭಾಗಿಸುತ್ತೇವೆ (ಫುಲ್ಟನ್ ಸೂಚ್ಯಂಕ, ಸಾಮಾನ್ಯ ಇಲಿಯಲ್ಲಿ 0.25ರ ಸುತ್ತ). ಮೈತೂಕದಂತೆ ಇಳಿಯದ ಅಳತೆಯೆಂದು ಮೊಳಕಾಲಿನ ಕೆಳಗಿನ ಟಿಬಿಯಾ ಮೂಳೆಯ ಉದ್ದವನ್ನೂ ಬರೆದಿಡುತ್ತೇವೆ. ಅಷ್ಟೇ ಆಹಾರ ಕೊಟ್ಟು ಹೊರಗಾಳಿಯಲ್ಲಿ ಸಾಕಿದ ಇನ್ನೊಂದು ಗುಂಪಿದ್ದರೆ ಇನ್ನೂ ಒಳ್ಳೆಯದು.

ಹೃತ್ಕರ್ಣದ ಸ್ನಾಯುವಿನಿಂದ ಬರುವ ಎಎನ್‌ಪಿ 28 ಅಮೈನೋ ಆಮ್ಲಗಳ ಪುಟ್ಟ ಹಾರ್ಮೋನ್, ರಕ್ತದಲ್ಲಿ ಕೆಲವೇ ನಿಮಿಷ ಬಾಳುತ್ತದೆ. ಮಂಜುಗಡ್ಡೆಯಲ್ಲಿಟ್ಟ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬಿಗೆ ಹಾರ್ಮೋನ್ ಒಡೆಯದಂತೆ ಅಪ್ರೊಟಿನಿನ್ ಹಾಕಿ, 4 ಡಿಗ್ರಿಯಲ್ಲಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಪ್ಲಾಸ್ಮಾವನ್ನು ಮೈನಸ್ 80ಕ್ಕೆ ಸೇರಿಸಿ. ಆಮ್ಲಜನಕ ಕಡಿಮೆಯಾಗಿ ಕೆಂಪುಕಣ ಶೇ. 60 ದಾಟಿದ ರಕ್ತದಲ್ಲಿ 2 ಮಿ.ಲೀ.ಗೆ ಮುಕ್ಕಾಲು ಮಿ.ಲೀ. ಪ್ಲಾಸ್ಮಾ ಸಿಕ್ಕರೆ ಹೆಚ್ಚು. ರಕ್ತ ಎಷ್ಟು ತೆಗೆಯಬೇಕೆಂದು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಬೆಳೆದ ಇಲಿಯ ಕುಕ್ಷಿಯಲ್ಲಿ ಎಎನ್‌ಪಿ ತೀರಾ ಕಡಿಮೆ. ಹಿಗ್ಗಿದ ಬಲಕುಕ್ಷಿ ಅದನ್ನು ಮತ್ತೆ ತಯಾರಿಸತೊಡಗುತ್ತದೆ. ಈ ಏರಿಕೆ ನಂಬುವಂತಿರಬೇಕಾದರೆ ಕತ್ತರಿಯ ಕೆಲಸ ಚೊಕ್ಕವಾಗಿರಬೇಕು. ಕವಾಟದ ಅಂಚಿನಲ್ಲಿ ಹೃತ್ಕರ್ಣದ ಎಳೆಯಷ್ಟು ಉಳಿದರೂ ಅದರ ಎಎನ್‌ಪಿ ಕುಕ್ಷಿಯದ್ದನ್ನು ಮುಚ್ಚಿಹಾಕುತ್ತದೆ. ಹಾಗಾಗಿ ಮೊದಲು ಹೃತ್ಕರ್ಣ, ಮಹಾಪಧಮನಿ, ಕೊಬ್ಬು ಎಲ್ಲ ಬಿಡಿಸಿ, ಕತ್ತರಿ ಒರೆಸಿ, ಆಮೇಲೆ ನಡುಗೋಡೆಯ ಅಂಚು ಹಿಡಿದು ಬಲಗೋಡೆ ಬಿಡಿಸುತ್ತೇವೆ. ಫಿಲ್ಟರ್ ಕಾಗದದ ಮೇಲೆ ರಕ್ತ ಒತ್ತಿ ತೆಗೆದು, ಒಣಗುವ ಮುನ್ನ ತೂಗಿ, ನೇರ ದ್ರವ ಸಾರಜನಕಕ್ಕೆ ಹಾಕುತ್ತೇವೆ.